ಮಣ್ಣಿನಡಿಯ ಪೈಪಿನ ಲೆಕ್ಕ: ಮನೆಯ ಯಜಮಾನ ಯಜಮಾನಿಯರಿಗೆ ಒಂದು ಬಹಿರಂಗ ಪತ್ರ

ಬೆಳುಗುಪ್ಪ, ಕಲ್ಯಾಣದುರ್ಗ, ಉರವಕೊಂಡ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಕಡೆಯ ಎಲ್ಲ ಮನೆಗಳ ಯಜಮಾನರೇ, ಯಜಮಾನಿಯರೇ,

ಬೀದಿಯ ಕೊಳಾಯಿಯಿಂದ ಮನೆಯ ಸಂಪಿನವರೆಗಿನ ಹಳೆಯ ಲೈನ್ ಕಿತ್ತು ಹೊಸದು ಹಾಕಿಸಿದ ಮೇಲೆ ನೀವೆಲ್ಲ ಕೇಳುವ ಪ್ರಶ್ನೆ ಒಂದೇ: "ಪ್ಲಂಬರ್‌ಗೆ ಜಾಸ್ತಿ ಕೊಟ್ಟುಬಿಟ್ಟೆನಾ?" ಕಲ್ಯಾಣದುರ್ಗದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಹಳ ಕಾಲ ಲೆಕ್ಕ ಬರೆದವನು ನಾನು. ಪೈಪು ಕೊಳ್ಳುವ ಯಜಮಾನರನ್ನೂ ಪೈಪು ಹೊರುವ ಪ್ಲಂಬರ್‌ಗಳನ್ನೂ ಒಂದೇ ಗಲ್ಲಾಪೆಟ್ಟಿಗೆಯ ಎದುರಿನಲ್ಲಿ ನೋಡಿದ್ದೇನೆ. ಆ ಪ್ರಶ್ನೆ ತಪ್ಪಲ್ಲ. ಬೆವರು ಸುರಿಸಿ ದುಡಿದ ಹಣ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ನಿಮ್ಮದು. ಆದರೆ ನೀವು ಅದನ್ನು ಕೇಳುವ ಹೊತ್ತು ತಪ್ಪು. ಗುಂಡಿ ಮುಚ್ಚಿ, ಹಣ ಎಣಿಸಿ ಕೊಟ್ಟು, ಆತ ಸೈಕಲ್ ಮೋಟಾರಿನಲ್ಲಿ ಹೊರಟುಹೋದ ಮೇಲೆ ಕೇಳುತ್ತೀರಿ. ಅದೂ ಆತನನ್ನು ಕೇಳುವುದಿಲ್ಲ, ಬಳ್ಳಾರಿಯಿಂದ ಬಂದ ಭಾವಮೈದನನ್ನು ಕೇಳುತ್ತೀರಿ.

ನಮ್ಮೂರು ಬೆಳುಗುಪ್ಪದ ಒಂದು ಮನೆಯ ಸಂಗತಿ ಹೇಳುತ್ತೇನೆ. ಯಾರ ಹೆಸರೂ ಬೇಡ. ಬೀದಿಯಿಂದ ಸಂಪಿಗೆ ಅರವತ್ತು ಅಡಿ ದೂರ. ಹಳೆಯದು ಜಿ.ಐ. ಪೈಪು, ಒಳಗೆಲ್ಲ ತುಕ್ಕು ಮತ್ತು ಗಡಸು ನೀರಿನ ಬಿಳಿ ಗಸಿ ಕಟ್ಟಿ ಕಿರುಬೆರಳು ತೂರದಷ್ಟು ಸಣ್ಣಗಾಗಿತ್ತು. ಪ್ಲಂಬರ್ ಬಂದು ನೋಡಿ, ಸಾಮಾನು ಕೂಲಿ ಎಲ್ಲ ಸೇರಿ ಹದಿನೆಂಟೂವರೆ ಸಾವಿರ ಎಂದ. ಯಜಮಾನರು ಒಪ್ಪಿದರು. ಕೆಲಸ ಮುಗಿಯಿತು, ನೀರು ಚೆನ್ನಾಗಿ ಬಂತು. ಆಮೇಲೆ ಮನೆಗೆ ಬಂದ ನೆಂಟರೊಬ್ಬರ ಕಣ್ಣಿಗೆ ಅಂಗಡಿಯ ಬಿಲ್ಲು ಬಿತ್ತು. ಅದರಲ್ಲಿ 5,600 ರೂಪಾಯಿ ಇತ್ತು. "ಹದಿಮೂರು ಸಾವಿರ ತಿಂದುಬಿಟ್ಟನಲ್ಲೋ!" ಎಂದು ಅವರು ಕೂಗಿದ್ದು ನಾಲ್ಕು ಮನೆಗೆ ಕೇಳಿಸಿತು. ಸಂಜೆಯೊಳಗೆ ಪ್ಲಂಬರ್ ಊರಿಗೆಲ್ಲ ಕಳ್ಳನಾಗಿದ್ದ.

ಯಜಮಾನರು, ಪ್ಲಂಬರ್ ಇಬ್ಬರೂ ನನಗೆ ಗೊತ್ತಿದ್ದವರು. ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ ಕಾಗದ ತೆಗೆದೆ. ಸಾಮಾನು 5,600, ಇದರಲ್ಲಿ ಪೈಪು, ಬೆಂಡು, ಕಪ್ಲಿಂಗು, ವಾಲ್ವು, ಬೀದಿ ಲೈನಿಗೆ ಹಿಡಿಸುವ ಸ್ಯಾಡಲ್, ಸಲ್ಯೂಷನ್ ಡಬ್ಬಿ, ಮರಳು ಸಿಮೆಂಟು ಎಲ್ಲ ಬಂತು. ಮನೆಯ ಮುಂದಿನ ಕಾಂಕ್ರೀಟು ಒಡೆಯಲು ತಂದ ಮಿಷನ್ನಿನ ಬಾಡಿಗೆ 1,500. ಅಗೆಯುವ ಆಳು ಇಬ್ಬರು, ಎರಡು ದಿನ, ದಿನಕ್ಕೆ 700ರಂತೆ 2,800. ಪ್ಲಂಬರ್‌ನ ಸ್ವಂತ ಕೂಲಿ ದಿನಕ್ಕೆ 1,200ರಂತೆ 2,400. ಆತನ ಹೆಲ್ಪರ್ ಹುಡುಗನಿಗೆ 1,400. ಒಟ್ಟು 13,700.

ಯಜಮಾನರು ಸುಮ್ಮನೆ ನೋಡುತ್ತಿದ್ದರು. ಅಗೆತಕ್ಕೆ ಅಷ್ಟು ಹಣ ಹೋಗುತ್ತದೆಂದು ಅವರು ಎಣಿಸಿರಲಿಲ್ಲ. ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅರವತ್ತು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಆಳದ ಕಾಲುವೆ ಎಂದರೆ 180 ಘನ ಅಡಿ, ಐದು ಘನ ಮೀಟರಿಗೆ ತುಸು ಹೆಚ್ಚು. ಅಷ್ಟು ಮಣ್ಣಿನ ತೂಕ ಎಂಟು ಟನ್ ದಾಟುತ್ತದೆ. ಅದನ್ನು ಗರಸು ನೆಲದಲ್ಲಿ ಗಡಾರಿ ಹಾಕಿ ಕಿತ್ತು ಮೇಲೆ ಹಾಕಬೇಕು, ಮತ್ತೆ ಅಷ್ಟನ್ನೂ ಒಳಗೆ ತಳ್ಳಿ ದಿಮ್ಮಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆ ಆ ಕೆಲಸ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಅನಂತಪುರ ಜಿಲ್ಲೆಯವರಿಗೆ ಅಗೆದ ಮಣ್ಣನ್ನು ಅಳೆದು ಕೂಲಿ ಕೊಡುವುದು ಹೊಸದಲ್ಲ. 2006ರ ಫೆಬ್ರವರಿ 2ರಂದು ದೇಶದ ಉದ್ಯೋಗ ಖಾತ್ರಿ ಯೋಜನೆಗೆ ಪ್ರಧಾನಿ ಮನಮೋಹನ ಸಿಂಗ್ ಚಾಲನೆ ಕೊಟ್ಟದ್ದು ಇದೇ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಅಂದಿನಿಂದ ನಮ್ಮ ಅಕ್ಕತಂಗಿಯರು ತಾವು ತೆಗೆದ ಗುಂಡಿಯ ಉದ್ದ ಅಗಲ ಆಳವನ್ನು ಟೇಪು ಹಿಡಿದು ಅಳೆಸಿ, ಅಳತೆ ಪುಸ್ತಕದಲ್ಲಿ ಬರೆಸಿ, ಅದರ ಮೇಲೆ ಕೂಲಿ ಕೇಳುವುದನ್ನು ಕಲಿತರು. ಸರ್ಕಾರದ ಕೆರೆಯ ಹೂಳು ತೆಗೆಯುವಾಗ ಅಷ್ಟು ಲೆಕ್ಕ ಬಲ್ಲ ನಾವು ಸ್ವಂತ ಮನೆಯ ಮುಂದೆ ಕಾಲುವೆ ತೋಡಿಸುವಾಗ ಮಾತ್ರ "ಎಲ್ಲ ಸೇರಿ ಎಷ್ಟಪ್ಪ?" ಎಂದು ಕೇಳಿ ಕೈ ತೊಳೆದುಕೊಳ್ಳುತ್ತೇವೆ.

ಮತ್ತೆ ಆ ಜಗಲಿಗೆ ಬರುತ್ತೇನೆ. 13,700ರ ಮೇಲೆ ಪ್ಲಂಬರ್‌ಗೆ ಏನೂ ಉಳಿಯಬಾರದೇ ಎಂದು ಕೇಳಿದೆ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರ ವಿಶ್ಲೇಷಣೆಯಲ್ಲಿ ಸಾಮಾನು ಮತ್ತು ಕೂಲಿಯ ಮೇಲೆ ಗುತ್ತಿಗೆದಾರನ ಲಾಭ ಹಾಗೂ ಮೇಲ್ಖರ್ಚಿಗೆಂದು ಶೇಕಡ 15 ಸೇರಿಸುತ್ತದೆ. ಕೋಟಿಗಟ್ಟಲೆ ಕೆಲಸಕ್ಕೆ ಸರ್ಕಾರವೇ ಒಪ್ಪುವ ಪಾಲನ್ನು ನಮ್ಮೂರ ಪ್ಲಂಬರ್‌ಗೆ ನಿರಾಕರಿಸುವುದು ಯಾವ ನ್ಯಾಯ? ಆತನ ರೆಂಚು, ಥ್ರೆಡ್ ಹಾಕುವ ಡೈ, ಬೈಕಿನ ಪೆಟ್ರೋಲು, ಕೆಲಸವಿಲ್ಲದ ದಿನಗಳು ಎಲ್ಲವೂ ಅದರೊಳಗೆ ಬರಬೇಕು. ಆ 2,055 ಸೇರಿಸಿದರೆ 15,755. ಕೊಟ್ಟದ್ದು 18,500. ವ್ಯತ್ಯಾಸ 2,745.

ಆಗ ಪ್ಲಂಬರ್ ಬಾಯಿ ಬಿಟ್ಟ. ಹಳೆಯ ಲೈನ್ ಯಾವ ದಾರಿಯಲ್ಲಿ ಹೋಗಿದೆ ಎಂದು ಹುಡುಕಲು ಅರ್ಧ ದಿನ, ಸಾಮಾನು ತರಲು ಕಲ್ಯಾಣದುರ್ಗಕ್ಕೆ ಹೋಗಿಬರಲು ಅರ್ಧ ದಿನ, ಪೈಪು ಹೊತ್ತ ಆಟೋಗೆ 500 ಎಂದ. ಅದನ್ನೂ ಕಳೆದರೆ ಉಳಿದದ್ದು ಸಾವಿರ ಚಿಲ್ಲರೆ. "ಬಂಡೆ ಸಿಕ್ಕಿದ್ದರೆ ನನ್ನ ಕೈಯಿಂದ ಹೋಗುತ್ತಿತ್ತು ಸಾರ್, ಅದಕ್ಕೇ ಅಷ್ಟು ಹಿಡಿದುಕೊಂಡಿದ್ದೆ" ಎಂದ. ಆ ಮಾತು ನಿಜ. ಒಂದೇ ಮೊತ್ತಕ್ಕೆ ಗುತ್ತಿಗೆ ಕೊಟ್ಟಾಗ ನೆಲದೊಳಗಿನ ಬಂಡೆಯ ಭಯವನ್ನೂ ಆತನೇ ಹೊರುತ್ತಾನೆ, ಆ ಭಯಕ್ಕೂ ಒಂದು ಬೆಲೆ ಕಟ್ಟುತ್ತಾನೆ. ಬಂಡೆ ಸಿಗದಿದ್ದರೆ ನಿಮಗೆ ಅದು ಜಾಸ್ತಿ ಅನ್ನಿಸುತ್ತದೆ. ಸಿಕ್ಕಿದ್ದರೆ ಆತ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದ, ಇಲ್ಲವೇ ಒಂದು ಗೇಣು ಆಳದಲ್ಲೇ ಪೈಪು ಮಲಗಿಸಿ ಮುಚ್ಚುತ್ತಿದ್ದ.

ನನ್ನ ತೀರ್ಮಾನವನ್ನು ಅಲ್ಲೇ ಹೇಳಿದೆ, ಈಗಲೂ ಹೇಳುತ್ತೇನೆ. ಆ ಯಜಮಾನರು ಒಂದು ಸಾವಿರದಷ್ಟು ಹೆಚ್ಚು ಕೊಟ್ಟಿರಬಹುದು. ಹದಿಮೂರು ಸಾವಿರ ಯಾರೂ ತಿನ್ನಲಿಲ್ಲ. ಊರಿಗೆಲ್ಲ ಕೇಳುವಂತೆ ಕಳ್ಳ ಎಂದದ್ದು ಅನ್ಯಾಯ. ಮುಂಚೆಯೇ ಬಿಡಿಸಿ ಲೆಕ್ಕ ಹೇಳದೆ ಇದ್ದದ್ದು ಪ್ಲಂಬರ್‌ನ ತಪ್ಪು, ಬಿಡಿಸಿ ಕೇಳದೆ ಇದ್ದದ್ದು ಯಜಮಾನರ ತಪ್ಪು.

ಅಂಗಡಿಯ ಒಳಗಿನ ಒಂದು ವಿಷಯವನ್ನೂ ನಿಮ್ಮ ಮುಂದೆ ಇಡಬೇಕು. ನನ್ನ ಕೈಯಿಂದಲೇ ಬರೆದ ಲೆಕ್ಕ ಅದು. ಪ್ಲಂಬರ್ ಕರೆತಂದ ಗಿರಾಕಿ ಕೊಂಡ ಸಾಮಾನಿನ ಮೇಲೆ ಪ್ಲಂಬರ್ ಹೆಸರಿನಲ್ಲಿ ಕಮಿಷನ್ ಜಮೆಯಾಗುತ್ತದೆ. ಇದು ಒಂದು ಅಂಗಡಿಯ ಮಾತಲ್ಲ, ಒಂದು ಊರಿನ ಮಾತೂ ಅಲ್ಲ. ಕಂಪನಿಗಳೇ ಪ್ಲಂಬರ್‌ಗಳಿಗೆ ಪಾಯಿಂಟು, ಕೂಪನ್ನು ಕೊಡುತ್ತವೆ. ಇದನ್ನು ಕೇಳಿ ನಿಮಗೆ ಸಿಟ್ಟು ಬರುವುದು ಸಹಜ. ಆದರೆ ಇದು ಎಲ್ಲಿಂದ ಬೆಳೆಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಪೈಪಿನ ಬೆಲೆಯನ್ನು ಬೋರ್ಡು ನೋಡಿ ಸುಮ್ಮನೆ ಕೊಡುವ ಯಜಮಾನರು ಕೂಲಿಯ ಮಾತು ಬಂದ ಕೂಡಲೇ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. 1,200 ಎಂದರೆ 800 ಅನ್ನುತ್ತಾರೆ. ಕೂಲಿಯಲ್ಲಿ ಕತ್ತರಿಸಿದ ಆ ನಾನ್ನೂರು ಸಾಮಾನಿನ ಬಿಲ್ಲಿನೊಳಗೆ ಸೇರಿ ವಾಪಸು ಬರುತ್ತದೆ, ಒಮ್ಮೊಮ್ಮೆ ಎಂಟುನೂರಾಗಿ ಬರುತ್ತದೆ. ಬೇಡದ ಎರಡು ವಾಲ್ವು, ಉಳಿದುಹೋಗುವ ಒಂದು ಲೆಂಗ್ತು ಪೈಪು, ಕಡಿಮೆ ದಪ್ಪದ ಮಾಲು. ಕೈಗೆ ನೇರವಾಗಿ ಕೊಡಲು ಒಪ್ಪದ ಹಣವನ್ನು ನೀವು ಸುತ್ತಿ ಬಳಸಿ ಕೊಡುತ್ತೀರಿ, ಜೊತೆಗೆ ಕೆಟ್ಟ ಪೈಪನ್ನೂ ಕೊಳ್ಳುತ್ತೀರಿ.

ಇನ್ನೊಂದು ಮನೆಯಲ್ಲಿ ಇದೇ ಉದ್ದದ ಕೆಲಸವನ್ನು ಒಂಬತ್ತು ಸಾವಿರಕ್ಕೆ ಮುಗಿಸಿದರು. ಎಲ್ಲರೂ ಹೊಗಳಿದರು. ಮಳೆಗಾಲದ ಹೊತ್ತಿಗೆ ಬೆಳಗಿನ ಮೊದಲ ಎರಡು ಬಿಂದಿಗೆ ನೀರು ನಾರತೊಡಗಿತು, ಮಕ್ಕಳಿಗೆ ಭೇದಿ ಹಿಡಿಯಿತು. ಅಗೆಸಿ ನೋಡಿದರೆ ಪೈಪು ಚರಂಡಿಯ ಪಕ್ಕದಲ್ಲೇ, ಅಂಗೈ ಆಳದಲ್ಲಿ ಹೋಗಿದೆ, ಒಂದು ಕಪ್ಲಿಂಗು ಬಿಟ್ಟಿದೆ. ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಹೊತ್ತು ನೋಡಿ ಬಿಡುತ್ತಾರೆ, ಉಳಿದ ಹೊತ್ತು ಪೈಪು ಖಾಲಿ. ನೀರು ನಿಂತಾಗ ಲೈನಿನೊಳಗೆ ಒತ್ತಡ ಇಳಿದು, ಸಡಿಲ ಜಾಯಿಂಟಿನಿಂದ ಹೊರಗಿನ ಕೊಳೆಯೇ ಒಳಗೆ ಸೆಳೆಯಲ್ಪಡುತ್ತದೆ. ನೀರು ಬಿಟ್ಟ ಕೂಡಲೇ ಅದು ನಿಮ್ಮ ಬಿಂದಿಗೆಗೆ ಬರುತ್ತದೆ. ಆ ಮನೆಯವರು ಕೊಟ್ಟ ಒಂಬತ್ತು ಸಾವಿರವೇ ನನ್ನ ಪ್ರಕಾರ ಜಾಸ್ತಿ ಕೊಟ್ಟ ಹಣ.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬಳ್ಳಾರಿ ದಾಟಿ ನಮ್ಮತ್ತ ಬರುತ್ತದೆ. ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ಪಂಪುಗಳಿಂದ ಹಂತಹಂತವಾಗಿ ಎತ್ತಿ ಹಂದ್ರಿ-ನೀವಾ ಕಾಲುವೆಯಲ್ಲಿ ನಮ್ಮ ಬೆಳುಗುಪ್ಪ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ತರುತ್ತಾರೆ. 1990ರ ದಶಕದ ನಡುವಿನಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಪೈಪು ಎಳೆಯಿತು. 2019ರ ಆಗಸ್ಟ್ 15ರಂದು ಘೋಷಿಸಿದ ಜಲ ಜೀವನ ಮಿಷನ್ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಅಳತೆ ಇಟ್ಟಿತು. ಇಷ್ಟೆಲ್ಲ ದೂರದಿಂದ, ಇಷ್ಟೆಲ್ಲ ಜನರ ಶ್ರಮದಿಂದ ಬೀದಿಯವರೆಗೆ ಬಂದ ನೀರು ಕೊನೆಯ ಅರವತ್ತು ಅಡಿಯಲ್ಲಿ ಸೋರಿಹೋಗಬಾರದು. ಆ ಅರವತ್ತು ಅಡಿಯ ಜವಾಬ್ದಾರಿ ನಿಮ್ಮದು.

ಆದ್ದರಿಂದ ನನ್ನ ಬಿನ್ನಹಗಳು ಇವು.

ಮೊದಲು ಟೇಪು ಹಿಡಿಯಿರಿ. ಎಷ್ಟು ಅಡಿ, ಎಲ್ಲಿ ಕಾಂಕ್ರೀಟು, ಎಲ್ಲಿ ಮಣ್ಣು, ಎಲ್ಲಿ ಚರಂಡಿ ದಾಟಬೇಕು ಎಂದು ಪ್ಲಂಬರ್ ಜೊತೆ ನಡೆದು ನೋಡಿ. ಒಂದು ಚೀಟಿಯ ಮೇಲೆ ಸಾಮಾನು ಬೇರೆ, ಅಗೆತ ಬೇರೆ, ಪ್ಲಂಬಿಂಗ್ ಕೂಲಿ ಬೇರೆ ಬರೆಸಿ. ಬಂಡೆ ಸಿಕ್ಕರೆ ಅಡಿಗೆ ಎಷ್ಟು ಹೆಚ್ಚು ಎಂಬುದನ್ನೂ ಅದರಲ್ಲೇ ಬರೆಸಿ. ಆಗ ಆತನಿಗೆ ಭಯದ ಬೆಲೆ ಸೇರಿಸುವ ಅಗತ್ಯ ಬೀಳುವುದಿಲ್ಲ. ಚೀಟಿ ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ಆತ ಓದಬಲ್ಲ ಅಕ್ಷರದಲ್ಲಿರಲಿ. ಸಾಧ್ಯವಾದರೆ ಇನ್ನೊಬ್ಬ ಪ್ಲಂಬರ್ ಹತ್ತಿರವೂ ಇದೇ ಅಳತೆ, ಇದೇ ಸಾಮಾನಿಗೆ ದರ ಕೇಳಿ. ಅಳತೆ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ಬೆಂಗಳೂರಿನ ದರ ತಂದು ಬೆಳುಗುಪ್ಪದಲ್ಲಿ ವಾದಿಸಬೇಡಿ, ಇಲ್ಲಿಯ ದರ ಅಲ್ಲಿ ಹೇಳಬೇಡಿ. ಸರ್ಕಾರದ ಇಲಾಖೆಗಳು ಪ್ರಕಟಿಸುವ ದರಪಟ್ಟಿಯಲ್ಲಿ ಪೈಪು ಹಾಕುವ ದರ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಸಣ್ಣ ಕೆಲಸಕ್ಕೆ ಅದು ಹಾಗೇ ಹೊಂದುವುದಿಲ್ಲ, ಆದರೂ ಅಂದಾಜಿಗೆ ಒಂದು ಆಧಾರವಾಗುತ್ತದೆ.

ಸಾಮಾನಿನ ಹಣವನ್ನು ನೀವೇ ಅಂಗಡಿಗೆ ಕೊಟ್ಟು ಬಿಲ್ಲು ಇಟ್ಟುಕೊಳ್ಳಿ. ಪೈಪಿನ ಮೈ ಓದಿ. ಯು.ಪಿ.ವಿ.ಸಿ. ಪೈಪಾದರೆ ಐ.ಎಸ್. 4985, ಎಚ್.ಡಿ.ಪಿ.ಇ. ಆದರೆ ಐ.ಎಸ್. 4984, ಬಿಸಿನೀರಿಗೂ ನಡೆಯುವ ಸಿ.ಪಿ.ವಿ.ಸಿ. ಆದರೆ ಐ.ಎಸ್. 15778 ಎಂದು ಐ.ಎಸ್.ಐ. ಗುರುತಿನ ಜೊತೆ ಅಚ್ಚಾಗಿರಬೇಕು. ಜಿ.ಐ. ಪೈಪಿಗೆ ಬಣ್ಣದ ಪಟ್ಟಿ ಇರುತ್ತದೆ: ಹಳದಿ ಹಗುರ, ನೀಲಿ ಮಧ್ಯಮ, ಕೆಂಪು ಭಾರದ್ದು. ಹಳದಿಯದು ಹಾಕಿ ಕೆಂಪಿನ ಬೆಲೆ ತೆಗೆದುಕೊಂಡರೆ ಅದು ಖಂಡಿತ ಮೋಸ. ಅದನ್ನು ಹಿಡಿಯಲು ನೀವು ಎಂಜಿನಿಯರ್ ಆಗಬೇಕಿಲ್ಲ, ಬಣ್ಣ ಗುರುತಿಸಿದರೆ ಸಾಕು. ಬೀದಿ ಲೈನಿನಲ್ಲಿ ಒತ್ತಡವಿದ್ದು ಪಂಚಾಯಿತಿ ಒಪ್ಪಿದರೆ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ಹಾಕಿಸಿ. ಅದೇ ಒತ್ತಡಕ್ಕೆ ಎರಡು ಪಟ್ಟಿಗಿಂತ ಹೆಚ್ಚು ನೀರು ಹರಿಯುತ್ತದೆ, ಖರ್ಚು ಮಾತ್ರ ಅಷ್ಟು ಏರುವುದಿಲ್ಲ, ಅಗೆತ ಹೇಗೂ ಅಷ್ಟೇ.

ಎರೆ ನೆಲದವರಿಗೆ ಒಂದು ಮಾತು ಹೆಚ್ಚಿಗೆ. ಕಡಲೆ ಬೆಳೆಯುವ ಆ ಕಪ್ಪು ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಜೊತೆಗೆ ಪೈಪಿನ ಜಾಯಿಂಟನ್ನೂ ಎಳೆಯುತ್ತದೆ. ಪೈಪಿನ ಕೆಳಗೂ ಮೇಲೂ ಮರಳು ಹಾಕಿಸುವ ಖರ್ಚನ್ನು ಅಲ್ಲಿ ಉಳಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಕೋರಿಕೆ ಇದು: ನೀರು ಬಿಟ್ಟು ನೋಡುವ ತನಕ ಕಾಲುವೆ ಮುಚ್ಚಿಸಬೇಡಿ. ಸಲ್ಯೂಷನ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಜಾಯಿಂಟು ಒಣಗಲಿ. ಆಮೇಲೆ ತುದಿ ಮುಚ್ಚಿ ನೀರು ತುಂಬಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಪ್ರತಿ ಜಾಯಿಂಟಿನ ಕೆಳಗೆ ಕೈ ಆಡಿಸಿ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಗೋಡೆಯಿಂದ ಎಷ್ಟು ಅಡಿ ದೂರ, ಎಷ್ಟು ಆಳ ಎಂದು ಬರೆದಿಡಿ. ಮುಂದಿನ ಸಲ ಲೈನ್ ಹುಡುಕುವ ಅರ್ಧ ದಿನದ ಕೂಲಿ ಉಳಿಯುತ್ತದೆ. ಒಂದು ರಾತ್ರಿ ತಡವಾದದ್ದಕ್ಕೆ ಪ್ಲಂಬರ್ ಮರುದಿನ ಮತ್ತೆ ಬರಬೇಕಾಗುತ್ತದೆ, ಆ ಬರುವಿಕೆಗೂ ದುಡ್ಡು ಕೊಡಿ. ಕೂಲಿಯಲ್ಲಿ ಒಂದು ಪಾಲನ್ನು ವಾರ ಕಳೆದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ, ಆ ವಾರ ಕಳೆದ ದಿನವೇ ಕೊಟ್ಟುಬಿಡಿ. ಬಾಕಿ ಉಳಿಸಿ ಅಲೆದಾಡಿಸುವ ಯಜಮಾನರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥವರ ಮನೆಗೆ ಒಳ್ಳೆಯ ಪ್ಲಂಬರ್ ಎರಡನೆಯ ಸಲ ಹೋಗುವುದಿಲ್ಲ.

ಯಜಮಾನರಲ್ಲಿ ಇನ್ನೊಂದು ವಿನಂತಿ. ದರ ಮಾತಾಡುವಾಗ ಮನೆಯ ಹೆಂಗಸರನ್ನೂ ಕರೆಯಿರಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ತಿಂಗಳಿನಿಂದ ಧಾರೆ ಸಣ್ಣಗಾಯಿತು, ಮೊದಲ ಬಿಂದಿಗೆಯ ನೀರು ಯಾವ ಬಣ್ಣದಲ್ಲಿತ್ತು ಎಂದು ಬಲ್ಲವರು ಅವರು. ಬೀದಿ ಲೈನಿನಲ್ಲೇ ಒತ್ತಡ ಕಡಿಮೆಯಾಗಿದೆಯೋ ನಿಮ್ಮ ಪೈಪೇ ಕಟ್ಟಿಕೊಂಡಿದೆಯೋ ಎಂದು ಪಕ್ಕದ ಮನೆಯವಳನ್ನು ಕೇಳಿ ಅವರು ಒಂದು ನಿಮಿಷದಲ್ಲಿ ಹೇಳಬಲ್ಲರು. ಲೈನ್ ಬದಲಿಸುವ ಅಗತ್ಯವೇ ಇಲ್ಲದೆ ಬದಲಿಸಿದವರನ್ನೂ ನಾನು ಕಂಡಿದ್ದೇನೆ.

ನಿಜವಾಗಿ ಮೋಸ ಹೋದವರೂ ಇದ್ದಾರೆ, ಅವರನ್ನು ಸುಮ್ಮನಿರಿ ಎನ್ನುವುದಿಲ್ಲ. ಬರೆದುಕೊಟ್ಟ ಮಾಲು ಬಿಟ್ಟು ಬೇರೆ ಹಾಕಿದ್ದರೆ, ಹಾಕದ ಸಾಮಾನಿಗೆ ಬಿಲ್ಲು ಮಾಡಿದ್ದರೆ, ಮುಂಗಡ ತೆಗೆದುಕೊಂಡು ಬಾರದೇ ಹೋದರೆ, ಮೊದಲು ಆತನನ್ನೇ ಕರೆದು ಚೀಟಿ ಮುಂದಿಟ್ಟು ಕೇಳಿ. ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇಂಥ ಸೇವೆಗೂ ಅನ್ವಯಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಅಲ್ಲಿಯೂ ಮೊದಲು ಕೇಳುವುದು ನಿಮ್ಮ ಕೈಯಲ್ಲಿರುವ ಕಾಗದವನ್ನೇ.

ಪ್ಲಂಬರ್ ಎಂದರೆ ಯಾರು ಬೇಕಾದರೂ ಮಾಡುವ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಐ.ಟಿ.ಐ.ಯಲ್ಲಿ ಅದನ್ನು ಒಂದು ವರ್ಷ ಕಲಿಸುತ್ತಾರೆ. ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ಪಟ್ಟಾಮುಂಡೈ ಕಡೆಯಿಂದ ತಲೆಮಾರುಗಳಿಂದ ಪ್ಲಂಬರ್‌ಗಳು ದೇಶದ ಮಹಾನಗರಗಳಿಗೆಲ್ಲ ಹೋಗಿ ದುಡಿಯುತ್ತಿದ್ದಾರೆ, ಅಲ್ಲಿ ಅದಕ್ಕೆಂದೇ ಸರ್ಕಾರಿ ಪ್ಲಂಬಿಂಗ್ ಶಿಕ್ಷಣ ಸಂಸ್ಥೆ ಇದೆ. ಕೈ ಪಳಗಿದ ಜಾಯಿಂಟಿಗೂ ಅವಸರದ ಜಾಯಿಂಟಿಗೂ ಇರುವ ಅಂತರ ಕಾಣಲು ಒಮ್ಮೊಮ್ಮೆ ವರ್ಷಗಳೇ ಬೇಕು. ಬೋರ್‌ವೆಲ್ಲಿಗೆ ಲಕ್ಷ ಸುರಿದು ನೀರು ಬೀಳದಿದ್ದರೆ ಹಣೆಬರಹ ಎನ್ನುವ ನಾವು, ಬಂದ ನೀರನ್ನು ಮನೆಗೆ ಮುಟ್ಟಿಸುವವನಿಗೆ ಇನ್ನೂರು ರೂಪಾಯಿಗೆ ಜಗಳ ಕಾಯುವುದನ್ನು ನಿಲ್ಲಿಸಬೇಕು.

ಈಗಾಗಲೇ ಹಣ ಕೊಟ್ಟು, ಜಾಸ್ತಿಯಾಯಿತೇನೋ ಎಂದು ಕೊರಗುತ್ತಿರುವವರು ನೆಂಟರನ್ನು ಕೇಳುವ ಮೊದಲು ಆತನಿಗೇ ಫೋನ್ ಮಾಡಿ. "ಅಣ್ಣಾ, ಬಿಡುವಾದಾಗ ಬಂದು ಲೆಕ್ಕ ಸ್ವಲ್ಪ ಬಿಡಿಸಿ ಹೇಳಿಹೋಗು" ಎನ್ನಿ. ಎಷ್ಟು ಆಳ ತೋಡಿದ, ಯಾವ ಪೈಪು ಹಾಕಿದ, ಎಷ್ಟು ಆಳು ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳಿ. ಎದುರಿಗೆ ಕೂತು ಲೆಕ್ಕ ಹಾಕಿದಾಗ ಜಾಸ್ತಿ ಹಿಡಿದದ್ದನ್ನು ತಾವೇ ಇಳಿಸಿಕೊಂಡು, ಬಿಟ್ಟುಹೋದ ವಾಲ್ವನ್ನು ಪುಕ್ಕಟೆ ಹಾಕಿಕೊಟ್ಟು ಹೋದ ಪ್ಲಂಬರ್‌ಗಳೂ ನನಗೆ ಗೊತ್ತು. ಹಾಗೆ ಬರೆದುಕೊಂಡ ಲೆಕ್ಕವನ್ನು ಪಕ್ಕದ ಮನೆಯವರಿಗೂ ತೋರಿಸಿ. ಅವರ ಲೈನೂ ನಿಮ್ಮ ಲೈನಿನಷ್ಟೇ ಹಳೆಯದು, ಈ ಬೇಸಿಗೆಗೋ ಮುಂದಿನ ಬೇಸಿಗೆಗೋ ಅವರೂ ಅಗೆಸಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಾರ್ಡ್‌ವೇರ್ ಅಂಗಡಿಯ ಹಳೆಯ ಲೆಕ್ಕ ಬರಹಗಾರ,
ಬೆಳುಗುಪ್ಪ, ಅನಂತಪುರ ಜಿಲ್ಲೆ